ಬಿಕಾಂನವರು ಕೋಡ್‌ನವರ ಪಾಡ್‌ಕಾಸ್ಟ್ ಯಾಕೆ ಕೇಳ್ಬೇಕು?

1/7

ವರ್ಡ್‌ಪ್ರೆಸ್ ಡೆವಲಪರ್‌ಗಳಿಗಾಗಿಯೇ ನಡೆಯೋ ಪಾಡ್‌ಕಾಸ್ಟ್‌ಗಳಿವೆ. ಅವನ್ನ ಬಿಕಾಂ ಓದೋ ನಾವೂ ಕೇಳ್ಬೇಕು ಅನ್ನೋದು ನನ್ನ ವಾದ. "ಮಗಾ, ನಮಗೂ ಕೋಡಿಂಗ್‌ಗೂ ಏನ್ ಸಂಬಂಧ?" ಅಂತ ಮುಂದಕ್ಕೆ ಸ್ಕ್ರೋಲ್ ಮಾಡೋ ಮೊದಲು ಸ್ವಲ್ಪ ನಿಲ್ಲಿ. ಇದು ಕೋಡ್ ಬಗ್ಗೆ ಇರೋ ಸರಣಿ ಅಲ್ವೇ ಅಲ್ಲ. ಲೆಕ್ಕದ ಬಗ್ಗೆ.

ಮೊದಲು ವಿಷಯ ಗೊತ್ತಿಲ್ಲದವರಿಗೆ. ವರ್ಡ್‌ಪ್ರೆಸ್ ಅಂದ್ರೆ ಬ್ಲಾಗ್ ಬರೆಯೋಕೆ ಅಂತ ಶುರುವಾದ ಒಂದು ಉಚಿತ ಸಾಫ್ಟ್‌ವೇರ್. ಅದಕ್ಕೂ ಮುಂಚೆ ಬಿ2 ಅಂತ ಒಂದು ಸಾಫ್ಟ್‌ವೇರ್ ಇತ್ತು. ಅದನ್ನ ಬರೆದವರು ಮಿಶೆಲ್ ವಾಲ್ಡ್ರಿಗಿ. ಅವರು ಕೆಲಸ ನಿಲ್ಲಿಸಿಬಿಟ್ರು. ಆದ್ರೆ ಅದರ ಲೈಸೆನ್ಸ್ ಜಿಪಿಎಲ್. ಅಂದ್ರೆ ಯಾರು ಬೇಕಾದ್ರೂ ಆ ಕೋಡ್ ತಗೊಂಡು ಮುಂದುವರಿಸಬಹುದು. ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದ ಮ್ಯಾಟ್ ಮುಲ್ಲೆನ್‌ವೆಗ್, ಇಂಗ್ಲೆಂಡ್‌ನ ಮೈಕ್ ಲಿಟಲ್ ಇಬ್ಬರೂ ಸೇರಿ ಮುಂದುವರಿಸಿದ್ರು. 2003ರ ಮೇ 27ಕ್ಕೆ ಮೊದಲ ವರ್ಡ್‌ಪ್ರೆಸ್ ಹೊರಗೆ ಬಂತು. ಆಗ ಮ್ಯಾಟ್‌ಗೆ 19 ವರ್ಷ. ನಮಗಿಂತ ಒಂದು ವರ್ಷ ಚಿಕ್ಕೋರು!

ಇವತ್ತು ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇ. 40ಕ್ಕಿಂತ ಹೆಚ್ಚು ನಡೀತಿರೋದು ಇದರ ಮೇಲೆ. ಸುದ್ದಿ ಪತ್ರಿಕೆ, ಕಾಲೇಜು, ಬಟ್ಟೆ ಅಂಗಡಿ, ಹೋಮ್‌ಸ್ಟೇ ಎಲ್ಲಾ ಸೇರಿ. ಇದರ ಬೆಲೆ? ಸೊನ್ನೆ ರೂಪಾಯಿ.

ಬಿಕಾಂ ಓದೋರಿಗೆ ಈ ಸೊನ್ನೆ ನೋಡಿದ ತಕ್ಷಣ ಅನುಮಾನ ಬರ್ಬೇಕು.

2/7

ಈಗ ಪಾಡ್‌ಕಾಸ್ಟ್ ವಿಷಯಕ್ಕೆ ಬರ್ತೀನಿ. ನಾನು ಹೆಚ್ಚು ಕೇಳೋದು ಎರಡು.

ಒಂದು, ಡಬ್ಲ್ಯೂಪಿ ಟಾವರ್ನ್‌ನ "ಜೂಕ್‌ಬಾಕ್ಸ್". ನಡೆಸಿಕೊಡೋರು ಇಂಗ್ಲೆಂಡ್‌ನ ನೇಥನ್ ರಿಗ್ಲಿ. ಪ್ರತಿ ಕಂತಿಗೂ ಒಬ್ಬರೋ ಇಬ್ಬರೋ ಅತಿಥಿಗಳು. ಪ್ಲಗಿನ್ ಮಾಡೋರು, ಸಮ್ಮೇಳನ ನಡೆಸೋರು, ಅನುವಾದ ಮಾಡೋರು, ಹೀಗೆ. ರಿಗ್ಲಿ ಅವಸರ ಮಾಡಲ್ಲ, ಅರ್ಥ ಆಗದಿದ್ರೆ ನಿಲ್ಲಿಸಿ ಕೇಳ್ತಾರೆ. ಇಂಗ್ಲಿಷ್ ವೇಗ ಕಷ್ಟ ಆದ್ರೆ ಮಾತುಕತೆ ಪೂರ್ತಿ ಬರಹದಲ್ಲೂ ಸಿಗುತ್ತೆ, ಓದ್ಕೊಂಡು ಕೇಳಿ.

ಇನ್ನೊಂದು, ಯೋಜನೆಯ ಅಧಿಕೃತ ಪಾಡ್‌ಕಾಸ್ಟ್ "ವರ್ಡ್‌ಪ್ರೆಸ್ ಬ್ರೀಫಿಂಗ್". ಇದನ್ನ ವರ್ಷಗಟ್ಟಲೆ ನಡೆಸಿದವರು ಜೋಸೆಫಾ ಹೇಡನ್ ಚೊಂಫೋಸಿ, ಯೋಜನೆಯ ಕಾರ್ಯನಿರ್ವಾಹಕ ನಿರ್ದೇಶಕಿಯಾಗಿದ್ದವರು. ಕಂತುಗಳು ಚಿಕ್ಕವು. ಸಾವಿರಾರು ಜನ ಬೇರೆ ಬೇರೆ ದೇಶದಲ್ಲಿ ಕೂತು ಒಂದೇ ವಸ್ತುವನ್ನ ಕಟ್ಟೋದು ಹೇಗೆ, ತೀರ್ಮಾನ ಯಾರು ತಗೋತಾರೆ, ಜಗಳ ಆದ್ರೆ ಏನು ಅನ್ನೋದನ್ನ ಸರಳವಾಗಿ ಹೇಳ್ತಿದ್ರು.

ಇವುಗಳಲ್ಲಿ ಕೋಡ್ ವಿಷಯ ಬಂದಾಗ ನನಗೂ ಅರ್ಧ ತಲೆ ಮೇಲೆ ಹೋಗುತ್ತೆ, ಸುಳ್ಳು ಹೇಳಲ್ಲ. ಆದ್ರೆ ಉಳಿದರ್ಧ ನಮ್ಮ ಸಿಲೆಬಸ್ಸೇ. ಒಬ್ಬ ಅತಿಥಿ ಬಂದು "ನನ್ನ ಪ್ಲಗಿನ್ ಉಚಿತ, ಆದ್ರೆ ಸಪೋರ್ಟ್ ಕೇಳೋರಿಗೆ ಉತ್ತರಿಸೋದರಲ್ಲೇ ನನ್ನ ದಿನ ಹೋಗುತ್ತೆ" ಅನ್ನೋ ಥರದ ಮಾತು ಆಡಿದ್ರೆ ಅದು ಕಾಸ್ಟಿಂಗ್. ಇನ್ನೊಬ್ಬರು ಮೂಲ ಆವೃತ್ತಿ ಉಚಿತ ಕೊಟ್ಟು 'ಪ್ರೋ' ಮಾರಿದ್ರೆ ಅದು ಪ್ರೈಸಿಂಗ್. ಸ್ವಂತ ಪ್ಲಗಿನ್ನನ್ನ ದೊಡ್ಡ ಕಂಪನಿಗೆ ಮಾರಿದವರು ಬಂದ್ರೆ ಗುಡ್‌ವಿಲ್ ವ್ಯಾಲ್ಯುವೇಶನ್. ನಾವು ಎಕ್ಸಾಂಗೆ ಬಾಯಿಪಾಠ ಮಾಡೋ ಪದಗಳನ್ನ ಇವರು ಬದುಕ್ತಿರ್ತಾರೆ.

3/7

ಇಲ್ಲೊಂದು ಹೋಲಿಕೆ ಕೊಡ್ತೀನಿ, ಹಳ್ಳಿ ಕಡೆಯವರಿಗೆ ಬೇಗ ಹತ್ತುತ್ತೆ. ವರ್ಡ್‌ಪ್ರೆಸ್ ಒಂದು ಊರ ಕೆರೆ ಇದ್ದ ಹಾಗೆ. ನೀರು ಎಲ್ಲರಿಗೂ. ಚಿಕ್ಕ ಗದ್ದೆಯವನಿಗೂ, ನೂರು ಎಕರೆಯವನಿಗೂ. ಲೈಸೆನ್ಸ್ ಪ್ರಕಾರ ಯಾರನ್ನೂ ತಡೆಯೋ ಹಾಗಿಲ್ಲ. ಆದ್ರೆ ಕೆರೆ ಅಂದ್ಮೇಲೆ ಹೂಳು ತುಂಬುತ್ತೆ. ಹೂಳು ಎತ್ತೋರು ಯಾರು?

ವರ್ಡ್‌ಪ್ರೆಸ್‌ನಲ್ಲಿ ಹೂಳು ಅಂದ್ರೆ ಭದ್ರತೆಯ ತೂತು ಮುಚ್ಚೋದು, ಹಳೇ ಕೋಡ್ ಸರಿ ಮಾಡೋದು, ಕೈಪಿಡಿ ಬರೆಯೋದು, ಪರೀಕ್ಷೆ ಮಾಡೋದು. ಇದಕ್ಕೆ ಯಾರೂ ಚಪ್ಪಾಳೆ ತಟ್ಟಲ್ಲ. ಕೆಲವರು ಕಂಪನಿ ಸಂಬಳದಲ್ಲಿ ಮಾಡ್ತಾರೆ, ಬಹಳ ಜನ ರಾತ್ರಿ ಊಟ ಆದ್ಮೇಲೆ ಸ್ವಂತ ಸಮಯದಲ್ಲಿ ಮಾಡ್ತಾರೆ.

2014ರಲ್ಲಿ ಮ್ಯಾಟ್ ಒಂದು ಸೂತ್ರ ಮುಂದಿಟ್ರು: ವರ್ಡ್‌ಪ್ರೆಸ್‌ನಿಂದ ದುಡಿಯೋ ಕಂಪನಿಗಳು ತಮ್ಮ ಜನಬಲದ ಶೇ. 5ರಷ್ಟನ್ನ ವಾಪಸ್ ವರ್ಡ್‌ಪ್ರೆಸ್‌ಗೇ ಕೊಡ್ಲಿ. ಹೆಸರು "ಫೈವ್ ಫಾರ್ ದಿ ಫ್ಯೂಚರ್". ಕೇಳೋಕೆ ಚೆನ್ನಾಗಿದೆ. ಆದ್ರೆ ಇದು ಮನವಿ ಮಾತ್ರ, ಕಾನೂನು ಅಲ್ಲ. ಕೊಡದೇ ಇದ್ರೂ ನೀರು ಬಂದೇ ಬರುತ್ತೆ.

ಎಕನಾಮಿಕ್ಸ್ ಮೇಡಂ "ಫ್ರೀ ರೈಡರ್ ಪ್ರಾಬ್ಲಂ" ಅಂತ ಬೋರ್ಡ್ ಮೇಲೆ ಬರೀತಾರಲ್ಲ, ಅದು ಇದೇ. ಎಲ್ಲರ ಆಸ್ತಿ ಆಗಿರೋದಕ್ಕೆ ಖರ್ಚು ಹಾಕೋರು ಕಡಿಮೆ, ಬಳಸೋರು ಜಾಸ್ತಿ. ಟೆಕ್ಸ್ಟ್‌ಬುಕ್ ಅಲ್ಲಿಗೇ ನಿಲ್ಲುತ್ತೆ. ಮುಂದೇನಾಗುತ್ತೆ ಅನ್ನೋದು 2024ರಲ್ಲಿ ಗೊತ್ತಾಯ್ತು.

4/7

2024ರ ಸೆಪ್ಟೆಂಬರ್. ಮ್ಯಾಟ್ ಈಗ ಆಟೋಮ್ಯಾಟಿಕ್ ಅನ್ನೋ ದೊಡ್ಡ ಕಂಪನಿಯ ಸಿಇಒ. ಇನ್ನೊಂದು ಕಡೆ ಡಬ್ಲ್ಯೂಪಿ ಎಂಜಿನ್. ವರ್ಡ್‌ಪ್ರೆಸ್ ಸೈಟ್‌ಗಳಿಗೆ ಜಾಗ ಬಾಡಿಗೆಗೆ ಕೊಡೋ ಕಂಪನಿ. ಅದರ ಹಿಂದೆ ಸಿಲ್ವರ್ ಲೇಕ್ ಅನ್ನೋ ಹೂಡಿಕೆ ಸಂಸ್ಥೆಯ ದುಡ್ಡಿದೆ. ಮ್ಯಾಟ್ ವಾದ: ನಾವು ವಾರಕ್ಕೆ 3,000ಕ್ಕೂ ಹೆಚ್ಚು ಗಂಟೆ ಕೆಲಸ ಕೊಡ್ತೀವಿ, ಇವರು 50 ಗಂಟೆನೂ ಕೊಡಲ್ಲ, ಮೇಲಿಂದ ಟ್ರೇಡ್‌ಮಾರ್ಕ್ ಬಳಸಿ ಗ್ರಾಹಕರಿಗೆ ಗೊಂದಲ ಮಾಡ್ತಿದ್ದಾರೆ. ಬಹಿರಂಗವಾಗಿ ಅವರನ್ನ "ಕ್ಯಾನ್ಸರ್" ಅಂದ್ರು. ಆದಾಯದ ಶೇ. 8 ಕೊಡಿ, ದುಡ್ಡಾದ್ರೂ ಸರಿ, ಅಷ್ಟು ಬೆಲೆಯ ಕೆಲಸದ ಗಂಟೆ ಆದ್ರೂ ಸರಿ ಅಂತ ಬೇಡಿಕೆ ಇಟ್ರು.

ಆ ಕಡೆಯವರ ಉತ್ತರ: ಲೈಸೆನ್ಸ್ ನಮಗೆ ಹಕ್ಕು ಕೊಟ್ಟಿದೆ, 'ಡಬ್ಲ್ಯೂಪಿ' ಅನ್ನೋ ಎರಡಕ್ಷರ ಯಾರು ಬೇಕಾದ್ರೂ ಬಳಸಬಹುದು ಅಂತ ನೀವೇ ಹೇಳಿದ್ರಿ, ನಾವು ಬೇರೆ ರೀತಿಯಲ್ಲೂ ಸಮುದಾಯಕ್ಕೆ ಕೊಟ್ಟಿದ್ದೀವಿ.

ಇಲ್ಲಿವರೆಗೂ ಇದು ಎರಡು ಕಂಪನಿ ಜಗಳ. ಆಮೇಲೆ ಆಗಿದ್ದು ಬೇರೆ. ಸೆಪ್ಟೆಂಬರ್ 25ಕ್ಕೆ ಡಬ್ಲ್ಯೂಪಿ ಎಂಜಿನ್‌ಗೆ ವರ್ಡ್‌ಪ್ರೆಸ್‌ನ ಕೇಂದ್ರ ಸರ್ವರ್ ಬಾಗಿಲು ಮುಚ್ಚಿದ್ರು. ಪ್ಲಗಿನ್, ಥೀಮ್ ಅಪ್‌ಡೇಟ್ ಬರೋದೇ ಅಲ್ಲಿಂದ. ನಡುವೆ ಕೆಲವು ದಿನ ಬಿಟ್ಟು, ಮತ್ತೆ ಮುಚ್ಚಿದ್ರು. ಅಲ್ಲಿ ಸೈಟ್ ಇಟ್ಟಿದ್ದ ಸಾಮಾನ್ಯ ಗ್ರಾಹಕರಿಗೆ ಈ ಜಗಳದಲ್ಲಿ ಏನು ಪಾಲು? ಆದ್ರೂ ಅವರ ಸೈಟ್‌ನ ಅಪ್‌ಡೇಟ್ ನಿಂತಿತು.

ಅಕ್ಟೋಬರ್ 2ಕ್ಕೆ ಡಬ್ಲ್ಯೂಪಿ ಎಂಜಿನ್ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟ್‌ಗೆ ಹೋಯ್ತು. ಅಕ್ಟೋಬರ್ 12ಕ್ಕೆ ಅವರದೇ ಎಸಿಎಫ್ ಪ್ಲಗಿನ್ ಇದ್ದ ಜಾಗದಲ್ಲಿ ಹೊಸ ಹೆಸರಿನ ಪ್ಲಗಿನ್ ಕೂರಿಸಿದ್ರು. 20 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿ ಇದ್ದ ಪ್ಲಗಿನ್ ಅದು. ಲಾಗಿನ್ ಆಗೋಕೂ "ನನಗೆ ಡಬ್ಲ್ಯೂಪಿ ಎಂಜಿನ್ ಜೊತೆ ಸಂಬಂಧ ಇಲ್ಲ" ಅಂತ ಟಿಕ್ ಮಾಡ್ಬೇಕಾಗಿತ್ತು!

5/7

ಈಗ ಕಂಪನಿ ಲಾ ಕ್ಲಾಸ್ ನೆನಪಿಸ್ಕೊಳ್ಳಿ. ಸಾಲೊಮನ್ ಕೇಸ್, 1897. ಕಂಪನಿ ಬೇರೆ, ಅದರ ಮಾಲೀಕ ಬೇರೆ. ಹತ್ತು ಮಾರ್ಕ್ಸ್ ಪ್ರಶ್ನೆ, ಎಲ್ಲರೂ ಬರೀತೀವಿ.

ವರ್ಡ್‌ಪ್ರೆಸ್‌ನಲ್ಲಿ ನೋಡಿ. ಆಟೋಮ್ಯಾಟಿಕ್ ಲಾಭಕ್ಕಾಗಿ ಇರೋ ಕಂಪನಿ, ಸಿಇಒ ಮ್ಯಾಟ್. ವರ್ಡ್‌ಪ್ರೆಸ್ ಫೌಂಡೇಶನ್ ಲಾಭವಿಲ್ಲದ ಸಂಸ್ಥೆ, ನಮ್ಮ ಸೆಕ್ಷನ್ 8 ಕಂಪನಿ ಥರ, ಅದರ ಮಂಡಳಿಯಲ್ಲೂ ಮ್ಯಾಟ್. 2010ರಲ್ಲಿ ಟ್ರೇಡ್‌ಮಾರ್ಕ್ ಫೌಂಡೇಶನ್‌ಗೆ ಹೋಯ್ತು ಅಂತ ಎಲ್ಲರೂ ಖುಷಿಪಟ್ಟಿದ್ರು. ಆದ್ರೆ ಅದರ ವಾಣಿಜ್ಯ ಬಳಕೆಯ ಲೈಸೆನ್ಸ್ ಆಟೋಮ್ಯಾಟಿಕ್‌ಗೇ ಇತ್ತು. ಇನ್ನು ಅಪ್‌ಡೇಟ್ ಕೊಡೋ ಆ ಕೇಂದ್ರ ಸೈಟ್? ಅದು ಫೌಂಡೇಶನ್‌ದಲ್ಲ, ಆಟೋಮ್ಯಾಟಿಕ್‌ದೂ ಅಲ್ಲ. ಮ್ಯಾಟ್ ಅವರ ಸ್ವಂತದ್ದು.

ಟೋಪಿ ಮೂರು, ತಲೆ ಒಂದೇ.

ಹಳೇ ಕೆರೆಗಳಿಗೆ ನೀರಗಂಟಿ ಅಂತ ಒಬ್ಬರು ಇರ್ತಿದ್ರು. ತೂಬು ತೆಗೆದು ಸರದಿ ಪ್ರಕಾರ ಎಲ್ಲರ ಗದ್ದೆಗೂ ನೀರು ಬಿಡೋದು ಅವರ ಕೆಲಸ. ನೀರಗಂಟಿಗೆ ಯಾರದೋ ಜೊತೆ ಜಗಳ ಆಯ್ತು ಅಂತ ಆ ಮನೆಯವರ ಗದ್ದೆ ಕಡೆ ನೀರು ನಿಲ್ಲಿಸಿದ್ರೆ ಊರು ಒಪ್ಪುತ್ತಾ? ಜಗಳದಲ್ಲಿ ನ್ಯಾಯ ಅವರ ಕಡೆಗೇ ಇರಬಹುದು. ಆದ್ರೂ ಒಪ್ಪಲ್ಲ. ಯಾಕಂದ್ರೆ ನಾಳೆ ಸರದಿ ಯಾರದೋ ಗೊತ್ತಿಲ್ಲ.

2024ರ ಡಿಸೆಂಬರ್ 10ಕ್ಕೆ ನ್ಯಾಯಾಧೀಶೆ ಅರಾಸೆಲಿ ಮಾರ್ಟಿನೆಜ್ ಒಲ್ಗಿನ್ ಮಧ್ಯಂತರ ಆದೇಶ ಕೊಟ್ಟು ಬಾಗಿಲು ತೆರೆಸಿದ್ರು. ಎಸಿಎಫ್ ಕೂಡ ವಾಪಸ್ ಹೋಯ್ತು. ಆ ಟಿಕ್ ಬಾಕ್ಸ್ ಜಾಗದಲ್ಲಿ "ಪಿಜ್ಜಾ ಮೇಲೆ ಅನಾನಸ್ ರುಚಿ" ಅಂತ ಬಂತು, ನಿಜವಾಗ್ಲೂ. ನಗು ಬರುತ್ತೆ. ಆದ್ರೆ ಕೇಸ್ ಅಲ್ಲಿಗೇ ಮುಗಿಯಲಿಲ್ಲ. ಅಷ್ಟರಲ್ಲಿ ಆಟೋಮ್ಯಾಟಿಕ್ ಕೊಟ್ಟ ಪರಿಹಾರ ಹಣ ತಗೊಂಡು 159 ಜನ ಕೆಲಸ ಬಿಟ್ಟಿದ್ರು. ಬ್ರೀಫಿಂಗ್ ನಡೆಸ್ತಿದ್ದ ಜೋಸೆಫಾ ಕೂಡ ಆ ಅಕ್ಟೋಬರ್‌ನಲ್ಲೇ ಹೊರಗೆ ಬಂದ್ರು.

ಮತ್ತೆ 2025ರ ಜನವರಿಯಲ್ಲಿ ಆಟೋಮ್ಯಾಟಿಕ್ ತನ್ನ ಕೊಡುಗೆಯನ್ನ ವಾರಕ್ಕೆ 45 ಗಂಟೆಗೆ ಇಳಿಸ್ತು. ಹೂಳು ಎತ್ತೋ ಕೈಗಳೇ ಹಿಂದೆ ಸರಿದ್ವು. ಮೇ ತಿಂಗಳಲ್ಲಿ ವಾಪಸ್ ಬರ್ತೀವಿ ಅಂದ್ರು, ಸರಿ. ಆದ್ರೆ ನಡುವಿನ ತಿಂಗಳುಗಳಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತಾಗಿಹೋಗಿತ್ತು: ಒಬ್ಬರು ಕೈ ಎತ್ತಿದ್ರೆ ಕೆರೆ ಎಷ್ಟು ಬೇಗ ಬತ್ತಬಹುದು ಅಂತ.

6/7

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ.

ಮ್ಯಾಟ್ ಎತ್ತಿದ ಪ್ರಶ್ನೆ ಸರಿ. ಕೋಟಿಗಟ್ಟಲೆ ದುಡಿದು ವಾಪಸ್ ಸ್ವಲ್ಪಾನೇ ಕೊಡೋದು ಕಾನೂನಿಗೆ ಸರಿ ಇರಬಹುದು, ನಿಯತ್ತಿಗೆ ಸರಿ ಇಲ್ಲ. ಆದ್ರೆ ಅವರು ಹಿಡಿದ ದಾರಿ ತಪ್ಪು. ಎಲ್ಲರಿಗೂ ಸೇರಿದ್ದು ಅಂತ ಹೇಳಿ ಕಟ್ಟಿಸಿದ ವಸ್ತುವಿನ ಕೀಲಿ ಒಬ್ಬರ ಜೇಬಲ್ಲಿ ಇರಬಾರದು. ಆ ಒಬ್ಬರು ಎಷ್ಟೇ ಒಳ್ಳೆಯವರಾಗಿದ್ರೂ ಅಷ್ಟೇ. ಸಂಘದ ಖಾತೆಗೆ ಜಂಟಿ ಸಹಿ ಇಡೋದು ಅಧ್ಯಕ್ಷರು ಕಳ್ಳರು ಅಂತಲ್ಲ. ಸಿಟ್ಟು ಬಂದ ದಿನವೂ ಖಾತೆ ಸುರಕ್ಷಿತ ಇರ್ಲಿ ಅಂತ.

"ಹಾಗಾದ್ರೆ ಕೋಡ್ ತಗೊಂಡು ಬೇರೆ ಮಾಡ್ಕೊಳ್ಳಿ, ಲೈಸೆನ್ಸ್ ಇದೆಯಲ್ಲ" ಅಂತ ಕೆಲವರು ಹೇಳ್ತಾರೆ. ಮಾತು ನಿಜ, ವರ್ಡ್‌ಪ್ರೆಸ್ ಹುಟ್ಟಿದ್ದೇ ಹಾಗೆ. 2018ರಲ್ಲಿ ಹೊಸ ಎಡಿಟರ್ ಇಷ್ಟ ಆಗದವರು ಕ್ಲಾಸಿಕ್‌ಪ್ರೆಸ್ ಅಂತ ಬೇರೆ ಹೋದ್ರು ಕೂಡ. ಆದ್ರೆ ಕೋಡ್ ನಕಲು ಮಾಡಬಹುದು, ಜನರನ್ನ ನಕಲು ಮಾಡೋಕಾಗಲ್ಲ. ಸಾವಿರಾರು ಪ್ಲಗಿನ್ ಮಾಡಿದವರು, ಉತ್ತರ ಹೇಳೋರು, ಅನುವಾದಕರು, ಎಲ್ಲರೂ ಇರೋದು ಹಳೇ ಕೆರೆ ಹತ್ರಾನೇ.

ಪಾಡ್‌ಕಾಸ್ಟ್ ಬಗ್ಗೆಯೂ ಇದೇ ಪ್ರಶ್ನೆ ಕೇಳಿ. ಬ್ರೀಫಿಂಗ್ ಅಧಿಕೃತ ಧ್ವನಿ. ಟಾವರ್ನ್‌ನ ಮಾಲೀಕರೂ ಮ್ಯಾಟ್ ಅವರೇ. ಹಾಗಂತ ಕೇಳ್ಬೇಡಿ ಅಂತಲ್ಲ, ಜೂಕ್‌ಬಾಕ್ಸ್ ನನಗೆ ನಿಜಕ್ಕೂ ಇಷ್ಟ. ಆಡಿಟರ್ ಕಿವಿ ಇಟ್ಕೊಂಡು ಕೇಳಿ ಅಂತ. ಯಾರು ಮಾತಾಡ್ತಿದ್ದಾರೆ, ಅವರ ಸಂಬಳ ಎಲ್ಲಿಂದ, ಯಾವ ವಿಷಯ ಬಂದಾಗ ಮಾತು ತೇಲಿಸ್ತಾರೆ. ಈ ಅಭ್ಯಾಸ ಬಂದ್ರೆ ಯೂಟ್ಯೂಬ್ ಫೈನಾನ್ಸ್ ಗುರುಗಳನ್ನೂ ಹೀಗೇ ಕೇಳ್ತೀರಿ, ಜೇಬು ಉಳಿಯುತ್ತೆ.

7/7

"ಇದೆಲ್ಲಾ ಅಮೆರಿಕದ ಜಗಳ, ನಮಗೇನು?" ಅನ್ನೋರಿಗೆ.

ನಿಮ್ಮ ಫ್ರೆಂಡ್ಸಲ್ಲಿ ಯಾರಾದ್ರೂ ಬೇಕರಿಗೋ ಫೋಟೋ ಸ್ಟುಡಿಯೋಗೋ ವರ್ಡ್‌ಪ್ರೆಸ್ ಸೈಟ್ ಮಾಡಿಕೊಟ್ಟು ಪಾಕೆಟ್ ಮನಿ ದುಡೀತಿರ್ತಾರೆ. ಅವರ ಕೆಲಸದ ಅಡಿಪಾಯ ಇದೇ. ಒಂದು ಅಪ್‌ಡೇಟ್ ನಿಂತ್ರೆ, ಒಂದು ಪ್ಲಗಿನ್ ರಾತ್ರೋರಾತ್ರಿ ಕೈ ಬದಲಾದ್ರೆ, ಬೇಕರಿ ಅಂಕಲ್ ಫೋನ್ ಮಾಡೋದು ಹ್ಯೂಸ್ಟನ್‌ಗಲ್ಲ, ಇವರಿಗೇ.

ಇನ್ನೊಂದು ಕೊಂಡಿ ನಮ್ಮ ಭಾಷೆದು. ವರ್ಡ್‌ಪ್ರೆಸ್ ಕನ್ನಡದಲ್ಲೂ ಬಳಸಬಹುದು. ಮೆನು, ಬಟನ್, ಎಚ್ಚರಿಕೆ ಸಂದೇಶ ಇವನ್ನ ಕನ್ನಡಕ್ಕೆ ತರೋದು ಸ್ವಯಂಸೇವಕರು. ಈ ಅನುವಾದಕರ ತಂಡದ ಹೆಸರು ಪಾಲಿಗ್ಲಾಟ್ಸ್. ಒಂದು ಖಾತೆ ಇದ್ರೆ ಯಾರು ಬೇಕಾದ್ರೂ ಒಂದು ಸಾಲಿನ ಅನುವಾದ ಸೂಚಿಸಬಹುದು, ಅನುಭವಿಗಳು ನೋಡಿ ಒಪ್ತಾರೆ. ಇದಕ್ಕೆ ಕೋಡ್ ಬೇಡ. ಇನ್‌ವಾಯ್ಸ್, ಡಿಸ್ಕೌಂಟ್, ರೀಫಂಡ್ ಇವಕ್ಕೆ ಅಂಗಡಿಯವರು ನಿಜವಾಗಿ ಯಾವ ಪದ ಬಳಸ್ತಾರೆ ಅಂತ ಬಿಕಾಂನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹೂಳು ಎತ್ತೋಕೆ ಜೆಸಿಬಿನೇ ತರ್ಬೇಕು ಅಂತಿಲ್ಲ. ಒಂದು ಬುಟ್ಟಿ ಸಾಕು.

ಈ ವಾರಕ್ಕೆ ನಿಮಗೊಂದು ಚಿಕ್ಕ ಹೋಂವರ್ಕ್: ಬಸ್ಸಲ್ಲಿ ಬರೋವಾಗ ಜೂಕ್‌ಬಾಕ್ಸ್‌ನ ಯಾವುದಾದ್ರೂ ಒಂದು ಕಂತು ಕೇಳಿ. ಮುಗಿದ ಮೇಲೆ ಮೂರೇ ಸಾಲು ಬರೆಯಿರಿ. ಈ ಕಂತಲ್ಲಿ ಹೇಳಿದ ಕೆಲಸ ಯಾರು ಮಾಡಿದ್ರು? ಅದಕ್ಕೆ ದುಡ್ಡು ಯಾರು ಕೊಟ್ರು? ಕೊನೇ ಮಾತು ಯಾರದಾಗಿತ್ತು? ನಂಗೆ ಡಿಎಂ ಮಾಡಿ. ಚೆನ್ನಾಗಿರೋದನ್ನ ಮುಂದಿನ ಸರಣಿಯಲ್ಲಿ ಹಾಕ್ತೀನಿ, ಹೆಸರು ಬೇಡ ಅಂದ್ರೆ ಹೆಸರಿಲ್ಲದೇ.

#ವರ್ಡ್‌ಪ್ರೆಸ್ #ಬಿಕಾಂಬದುಕು #ಪಾಡ್‌ಕಾಸ್ಟ್ #ಕನ್ನಡಕ್ಯಾಪ್ಷನ್