ಬಿಡೋದು ಕೋರ್ಟ್, ಕ್ಯಾಬಿನೆಟ್ ಅಲ್ಲ

ದೋಸ್ತರೇ, ಹಿಂದಿನ ಪೋಸ್ಟಿಗೆ ನಿಮ್ಮಲ್ಲೇ ಒಬ್ರು ಕೇಳಿದ್ರಿ: "ಓಲೈಕೆ ಓಲೈಕೆ ಅಂತೀಯಲ್ಲ, ಒಂದು ಉದಾಹರಣೆ ಕೊಡು." ತಗೋರಿ.

2022ರ ಏಪ್ರಿಲ್ 16, ಹಳೇ ಹುಬ್ಬಳ್ಳಿ. ಒಂದು ವಾಟ್ಸಾಪ್ ಸ್ಟೇಟಸ್ ಮೇಲೆ ಸಿಟ್ಟು. ಸ್ಟೇಟಸ್ ಹಾಕಿದವನನ್ನ ಪೊಲೀಸರು ಹಿಡಿದಿದ್ರು. ಆದ್ರೂ ಗುಂಪು ಠಾಣೆಗೇ ಕಲ್ಲು ಹೊಡೀತು, ಪೊಲೀಸರಿಗೇ ಗಾಯ ಆಯ್ತು. ಭಯೋತ್ಪಾದನೆ ತಡೆಯೋ ಯುಎಪಿಎ ಕೂಡ ಬಿತ್ತು.

2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 43 ಕೇಸ್ ವಾಪಸ್ ತಗೊಳ್ಳೋಕೆ ಹೊರಟಾಗ ಅದರಾಗ ಇದೂ ಇತ್ತು. 2025ರ ಮೇನಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡ್ತು.

ಆರೋಪಿಗಳೆಲ್ಲ ತಪ್ಪಿತಸ್ಥರು ಅಂತ ನಾನು ಹೇಳ್ತಿಲ್ಲ. ಯುಎಪಿಎ ಹಾಕಿದ್ದು ಅತಿ ಆಯ್ತು ಅನ್ನೋರೂ ಇದ್ದಾರ. ಸರಿ, ಅದನ್ನ ಕೋರ್ಟಿನಾಗ ಹೇಳಲಿ. ತಪ್ಪಿಲ್ಲದವರನ್ನ ಕೋರ್ಟ್ ಬಿಡ್ತದ. ವೋಟಿನ ಲೆಕ್ಕ ಹಾಕಿ ಕ್ಯಾಬಿನೆಟ್ ಬಿಟ್ರೆ, ಅದಕ್ಕೇ ಓಲೈಕೆ ಅನ್ನೋದು.

ನಮ್ಮ ಆಳಂದ ನೋಡ್ರಿ. ಲಾಡ್ಲೆ ಮಶಾಕ್ ದರ್ಗಾದಾಗಿನ ರಾಘವ ಚೈತನ್ಯ ಶಿವಲಿಂಗದ ಪೂಜೆ ವಿಷಯಕ್ಕ 2022ರ ಶಿವರಾತ್ರಿಗೆ ಕಲ್ಲು ತೂರಾಟ ಆಗಿತ್ತು. 2025ರ ಶಿವರಾತ್ರಿಗೆ ಹೈಕೋರ್ಟ್ 15 ಜನರಿಗೆ ಅವಕಾಶ ಕೊಡ್ತು. ಬಂದೋಬಸ್ತಿನಾಗ ಪೂಜೆ ನಡೀತು. ಕಾಯ್ದೆ ಗಟ್ಟಿ ನಿಂತ್ರ ಎರಡೂ ಕಡೆಯವರಿಗೆ ಧೈರ್ಯ.

ನಾಳೆ ಕೇಸರಿ ಶಾಲು ಹಾಕ್ಕೊಂಡವ ಕಲ್ಲು ಹೊಡದ್ರೂ ನನ್ನ ಮಾತು ಇದೇ. ಆಳಂದ, ಅಫಜಲಪುರ, ಜೇವರ್ಗಿ, ಯಾವ ಬಸ್ ಇಳಿದು ಬಂದ್ರೂ ನಮಗೆಲ್ಲ ಪರೀಕ್ಷೆಯ ಪೇಪರ್ ಒಂದೇ. ಕಾಯ್ದೆನೂ ಹಂಗೇ ಇರ್ಬೇಕು.

ಒಪ್ಪದಿದ್ರ ಕಮೆಂಟಿನಾಗ ವಾದ ಮಾಡ್ರಿ, ಬೈಬ್ಯಾಡ್ರಿ.