ಎದ್ದು ಬರುವ ಹಕ್ಕು: ಹರಾಜು ಕಟ್ಟೆಯಿಂದ ಕಾರು ಮಳಿಗೆಗೆ

2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ. ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆಯಾದ ಅಂದೇ ದೇಶದಲ್ಲಿ ಸರಕು ಮತ್ತು ಸೇವಾ ತೆರಿಗೆಯ ಹೊಸ ದರಗಳು ಜಾರಿಗೆ ಬಂದವು. ಸಣ್ಣ ಕಾರುಗಳ ಮೇಲೆ ಪರಿಹಾರ ಸೆಸ್ ಸೇರಿ ಶೇ 29ರಿಂದ 31ರವರೆಗೆ ಇದ್ದ ತೆರಿಗೆ ಶೇ 18ಕ್ಕೆ ಇಳಿಯಿತು. ಟ್ರ್ಯಾಕ್ಟರ್ ಮೇಲಿನದು ಶೇ 12ರಿಂದ 5ಕ್ಕೆ ಬಂತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಗೆ ಇದಕ್ಕಿಂತ ಹದವಾದ ಗಳಿಗೆ ಇರಲಾರದು. ಹೊಗೆಸೊಪ್ಪಿನ ಹಣ ಕೈಗೆ ಬರುವ ಕಾಲವೂ ಆಯುಧಪೂಜೆ, ದೀಪಾವಳಿಗಳ ಕಾಲವೂ ಇಲ್ಲಿ ಹೆಚ್ಚುಕಡಿಮೆ ಒಂದೇ. ಕೆಎ 45 ಫಲಕದ ಹೊಸ ಕಾರುಗಳು ಈ ತಾಲ್ಲೂಕುಗಳ ಊರೂರಲ್ಲಿ ಕಾಣಿಸುತ್ತಿವೆ. ನಾನು ಇದನ್ನು ಟೀಕಿಸಲು ಹೊರಟಿಲ್ಲ. ಬ್ಯಾರನ್‌ನ ಬೆಂಕಿಯ ಮುಂದೆ ರಾತ್ರಿಗಳನ್ನು ಕಳೆದ ಕುಟುಂಬ ಒಂದು ಕಾರು ಕೊಂಡರೆ ಅದನ್ನು ದುಂದುವೆಚ್ಚ ಎನ್ನಲು ನಗರದಲ್ಲಿ ಕೂತ ನಮಗೆ ಯಾವ ಅಧಿಕಾರವೂ ಇಲ್ಲ.

ಪ್ರಶ್ನೆ ಬೇರೆ. ಸರ್ಕಾರ ಬಿಟ್ಟುಕೊಟ್ಟ ತೆರಿಗೆ ಕೊಳ್ಳುವವನ ಕೈಯಲ್ಲೇ ಉಳಿಯುತ್ತದೆಯೇ ಎಂಬುದು. ಕಾರು ಕಂಪನಿಗಳು ಇಳಿಸಿದ ಬೆಲೆಗಳನ್ನು ಬಹಿರಂಗವಾಗಿ ಪ್ರಕಟಿಸಿದವು, ಅಲ್ಲಿಯವರೆಗೆ ಸರಿ. ಆದರೆ ಪ್ರಕಟಿತ ಬೆಲೆಗೂ ಕಾರು ರಸ್ತೆಗಿಳಿಯುವ ಬೆಲೆಗೂ ನಡುವೆ ಅಗಲವಾದ ಒಂದು ಬಯಲಿದೆ. ತೆರಿಗೆ ಇಳಿಕೆಯ ಲಾಭವನ್ನು ಗ್ರಾಹಕನಿಗೆ ತಲುಪಿಸದ ವ್ಯಾಪಾರಿಗಳ ಮೇಲಿನ ದೂರು ಕೇಳಲು 2017ರಲ್ಲಿ ಲಾಭಕೋರತನ ತಡೆ ಪ್ರಾಧಿಕಾರವೊಂದು ಹುಟ್ಟಿತ್ತು. 2022ರ ಡಿಸೆಂಬರ್‌ನಲ್ಲಿ ಆ ಕೆಲಸ ಸ್ಪರ್ಧಾ ಆಯೋಗಕ್ಕೆ ಹೋಯಿತು. 2025ರ ಏಪ್ರಿಲ್ 1ರಿಂದ ಹೊಸ ದೂರು ಸ್ವೀಕರಿಸುವ ವ್ಯವಸ್ಥೆಯೇ ಮುಗಿಯಿತು. ಅಂದರೆ ಇಷ್ಟು ದೊಡ್ಡ ಇಳಿಕೆ ಬರುವುದಕ್ಕೆ ಆರು ತಿಂಗಳ ಮುನ್ನ ಕಾವಲುಗಾರ ಮನೆಗೆ ಹೋಗಿದ್ದ. ಉಳಿದಿರುವ ಕಾವಲು ಒಂದೇ: ಕೊಳ್ಳುವವನ ಚೌಕಾಸಿ.

ಚೌಕಾಸಿಯ ಬಲ ಎಲ್ಲಿಂದ ಬರುತ್ತದೆ? ಮಾತಿನ ಜಾಣ್ಮೆಯಿಂದ ಎಂದು ಲೋಕ ತಿಳಿದಿದೆ. ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಪ್ರಕಟಿಸಿದ ಲೇಖನದಿಂದೀಚೆಗೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಓದುತ್ತ ಬಂದಿರುವುದು ಬೇರೆ: ಒಪ್ಪಂದ ಮುರಿದರೆ ನಿಮ್ಮ ಗತಿ ಏನು ಎಂಬುದೇ ಒಪ್ಪಂದದಲ್ಲಿ ನಿಮಗೆ ಸಿಗುವ ಪಾಲನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಎದ್ದು ಹೋದರೂ ನಷ್ಟವಾಗದವನು ಕೂತಲ್ಲೇ ಗೆಲ್ಲುತ್ತಾನೆ.

ಇದನ್ನು ಈ ನಾಲ್ಕು ತಾಲ್ಲೂಕಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು 1984ರಲ್ಲಿ ಆರಂಭವಾಯಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರ, ಎಚ್.ಡಿ. ಕೋಟೆಯ ಹರಾಜು ಕಟ್ಟೆಗಳಲ್ಲಿ ಸಾಲಾಗಿ ಇಟ್ಟ ಬೇಲುಗಳ ಮುಂದೆ ಕಂಪನಿಗಳ ಖರೀದಿದಾರರು ನಡೆದುಹೋಗುತ್ತಾರೆ, ಬೆಲೆ ನಮೂದಿಸುತ್ತಾರೆ. ಆ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಬೇಲನ್ನು ವಾಪಸು ಒಯ್ಯಬಹುದು. ಹಿಂದೆ ಮಂಡಿಯಲ್ಲಿ ದಲ್ಲಾಳಿಯ ಎದುರು ನಿಲ್ಲುತ್ತಿದ್ದ ಬೆಳೆಗಾರನಿಗೆ ಇದು ಸಣ್ಣ ಹಕ್ಕಲ್ಲ. ಆದರೆ ಆ ಹಕ್ಕು ಎಷ್ಟು ತೆಳುವಾದದ್ದು ಎಂಬುದೂ ಅವನಿಗೆ ಗೊತ್ತು. ನೋಂದಾಯಿತ ಬೆಳೆಗಾರ ಈ ಸೊಪ್ಪನ್ನು ಮಂಡಳಿಯ ಕಟ್ಟೆಯ ಹೊರಗೆ ಮಾರುವಂತಿಲ್ಲ. ದೊಡ್ಡ ಖರೀದಿದಾರರು ಬೆರಳೆಣಿಕೆಯವರು. ಇಟ್ಟಷ್ಟೂ ಸೊಪ್ಪಿನ ತೂಕ, ಬಣ್ಣ ಎರಡೂ ಇಳಿಯುತ್ತವೆ. ಬ್ಯಾಂಕಿನ ಬಡ್ಡಿ ಮಾತ್ರ ಏರುತ್ತದೆ. ಬೇಲು ಹೊತ್ತು ಹೊರಟವನು ಮತ್ತೊಂದು ದಿನ ಅದೇ ಕಟ್ಟೆಗೆ, ಅದೇ ಖರೀದಿದಾರರ ಮುಂದೆ ಬರಬೇಕು. ಬೆಲೆ ಬಿದ್ದ 2015ರಲ್ಲಿ ರೈತರು ಬೀದಿಗಿಳಿದದ್ದು ಇದೇ ಕಾರಣಕ್ಕೆ. ಒಬ್ಬೊಬ್ಬನೇ ಎದ್ದು ಹೋಗಿ ಪ್ರಯೋಜನವಿರಲಿಲ್ಲ. (ಹೊಗೆಸೊಪ್ಪು ಬೆಳೆಯಬೇಕೇ ಎಂಬ ಚರ್ಚೆ ಬೇರೆಯದು, ಅದನ್ನು ಇಲ್ಲಿ ಎತ್ತುವುದಿಲ್ಲ.)

ಕಾರು ಮಳಿಗೆಯಲ್ಲಿ ಸ್ಥಿತಿ ತದ್ವಿರುದ್ಧ. ಇಲ್ಲಿ ಕೆಡುವ ಸರಕು ಡೀಲರನದು. ಅವನ ಅಂಗಳದಲ್ಲಿ ನಿಂತ ಕಾರುಗಳು ಸಾಮಾನ್ಯವಾಗಿ ಬ್ಯಾಂಕಿನ ಸಾಲದ ಮೇಲೆ ನಿಂತಿರುತ್ತವೆ. ಡಿಸೆಂಬರ್ ದಾಟಿದರೆ ‘ಹಳೆಯ ವರ್ಷದ ಗಾಡಿ’ ಎನಿಸಿಕೊಳ್ಳುತ್ತವೆ. ಕೊಳ್ಳುವವನ ಹಣಕ್ಕೆ ಆ ಭಯವಿಲ್ಲ. ಅದೇ ಕಾರನ್ನು ಮೈಸೂರಿನಲ್ಲೇ ಇನ್ನೊಂದು ಕಡೆ, ಮಂಡ್ಯದಲ್ಲಿ, ಹಾಸನದಲ್ಲಿ ಕೇಳಬಹುದು. ಹೀಗಿದ್ದೂ ಹರಾಜು ಕಟ್ಟೆಯಲ್ಲಿ ಐದು ರೂಪಾಯಿಗಾಗಿ ಬೇಲು ತಿರುಗಿಸಿದ ರೈತ, ಮಳಿಗೆಯ ತಣ್ಣನೆಯ ಕೋಣೆಯಲ್ಲಿ ಐವತ್ತು ಸಾವಿರಕ್ಕೆ ತಲೆಯಾಡಿಸಿ ಬರುತ್ತಾನೆ. ಏಕೆ?

ಪಿರಿಯಾಪಟ್ಟಣದ ಕಡೆಯ ನನ್ನ ಸೋದರಳಿಯನೊಬ್ಬನ ಜೊತೆ ಇಂತಹ ಮಳಿಗೆಯೊಂದರಲ್ಲಿ ಅರ್ಧ ದಿನ ಕೂತಿದ್ದೆ. ಬೆಲೆ ಎಷ್ಟು ಎಂದು ಕೇಳಿದರೆ ಮಾರಾಟದ ಹುಡುಗ, ‘ಅದಿರಲಿ ಸಾರ್, ತಿಂಗಳಿಗೆ ಎಷ್ಟು ಕಟ್ತೀರಾ ಹೇಳಿ, ಮಿಕ್ಕಿದ್ದು ನಾವು ನೋಡ್ಕೋತೀವಿ’ ಎಂದ. ಸಭ್ಯ ಹುಡುಗ, ಅವನಿಗೆ ಕಲಿಸಿದ್ದನ್ನು ಹೇಳುತ್ತಿದ್ದ. ಆ ಒಂದು ಮಾತಿನಲ್ಲಿ ಇಡೀ ವ್ಯಾಪಾರದ ಗುಟ್ಟಿದೆ. ಬೆಲೆಯ ಮಾತು ಕಂತಿನ ಮಾತಾದ ಕ್ಷಣ ಹೋಲಿಕೆ ಅಸಾಧ್ಯವಾಗುತ್ತದೆ. ಸೋದರಳಿಯ ಆಯುಧಪೂಜೆಯ ಬೆಳಿಗ್ಗೆಯೇ ಗಾಡಿ ಬೇಕೆಂದು ಮೊದಲೇ ಹೇಳಿಬಿಟ್ಟಿದ್ದ. ‘ಮಾವ, ಮನೇಲಿ ಎಲ್ಲರಿಗೂ ಹೇಳಾಗಿದೆ’ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಮುಹೂರ್ತವನ್ನು ಮೊದಲು, ಬೆಲೆಯನ್ನು ಆಮೇಲೆ ಗೊತ್ತುಮಾಡಿದವನು ಚಕ್ರದಡಿ ಇಡುವ ನಿಂಬೆಹಣ್ಣಿನ ಜೊತೆಗೆ ಎದ್ದು ಬರುವ ಹಕ್ಕನ್ನೂ ಇಟ್ಟುಬಿಟ್ಟಿರುತ್ತಾನೆ.

ಕಾರಿನ ಪ್ರಕಟಿತ ಬೆಲೆಯಲ್ಲಿ ಡೀಲರ್‌ಗೆ ಉಳಿಯುವ ಪಾಲು ತೆಳು. ಅವನ ಗಳಿಕೆ ವಿಮೆ, ಸಾಲ, ಬಿಡಿ ಅಲಂಕಾರಗಳು, ವಿಸ್ತರಿತ ವಾರಂಟಿ, ಹಳೆಯ ಗಾಡಿಯ ವಿನಿಮಯ ಇವುಗಳಲ್ಲಿದೆ. ಆದ್ದರಿಂದ ‘ಡಿಸ್ಕೌಂಟ್ ಎಷ್ಟು’ ಎಂದು ಹಟ ಹಿಡಿಯುವವನು ತಪ್ಪು ಬಾಗಿಲು ತಟ್ಟುತ್ತಿದ್ದಾನೆ. ಮುಂದಿಟ್ಟ ಕಾಗದದ ಒಂದೊಂದು ಸಾಲನ್ನೂ ನೋಡಬೇಕು. ನೋಂದಣಿ ಶುಲ್ಕ ಕೇಂದ್ರದ ನಿಯಮದಂತೆ 600 ರೂಪಾಯಿ; ಸಾಲವಿದ್ದರೆ ಅದರ ನಮೂದಿಗೆ 1,500. ಇವುಗಳ ಪಕ್ಕದಲ್ಲಿ ‘ಆರ್‌ಟಿಒ ಇತರೆ’ ಎಂದು ಸಾವಿರಗಳಲ್ಲಿ ಬರೆದಿದ್ದರೆ ಅದು ಏನೆಂದು ಕೇಳಲೇಬೇಕು. ಅತಿ ಸುರಕ್ಷಿತ ನೋಂದಣಿ ಫಲಕ 2019ರ ಏಪ್ರಿಲ್‌ನಿಂದ ಹೊಸ ವಾಹನದ ಜೊತೆಗೇ ಬರಬೇಕಾದದ್ದು. ‘ಹ್ಯಾಂಡ್ಲಿಂಗ್’ ಎಂಬುದು ಸರ್ಕಾರದ ಶುಲ್ಕವಲ್ಲ. ವಿಮೆಯಲ್ಲಿ ಮೂರನೇ ವ್ಯಕ್ತಿಯ ಹೊಣೆಗೆ ಸಂಬಂಧಿಸಿದ ಭಾಗದ ದರ ಸರ್ಕಾರ ನಿಗದಿ ಮಾಡಿದ್ದು, 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಬೇಕು; ಅಲ್ಲಿ ಚೌಕಾಸಿಗೆ ಎಡೆಯಿಲ್ಲ. ಸ್ವಂತ ಗಾಡಿಯ ಹಾನಿಗೆ ಮಾಡಿಸುವ ಭಾಗದಲ್ಲಿ ಧಾರಾಳವಾಗಿ ಇದೆ. ತನ್ನಲ್ಲೇ ವಿಮೆ ಮಾಡಿಸಬೇಕೆಂದು ಡೀಲರ್ ಬಲವಂತ ಮಾಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಗ್ರಾಹಕನ ಕಣ್ಣಿಗೆ ಬೀಳುವಂತೆ ತೂಗುಹಾಕಿದ ಮಳಿಗೆಯನ್ನು ನಾನಿನ್ನೂ ಕಂಡಿಲ್ಲ.

ಇನ್ನು ನಮ್ಮ ರಾಜ್ಯದ ಆಜೀವ ತೆರಿಗೆ. ಐದರಿಂದ ಹತ್ತು ಲಕ್ಷದ ಕಾರಿಗೆ ಶೇ 14. ಹತ್ತು ದಾಟಿದರೆ ಪೂರ್ತಿ ಬೆಲೆಯ ಮೇಲೆ ಶೇ 17. ತೆರಿಗೆಯ ಮೇಲೆ ಶೇ 11ರ ಉಪಕರ. 9.90 ಲಕ್ಷದ ಕಾರಿಗೆ ಇದು 1,53,846 ರೂಪಾಯಿ. 10.10 ಲಕ್ಷದ ಕಾರಿಗೆ 1,90,587. ‘ಇಪ್ಪತ್ತೇ ಸಾವಿರ ಸಾರ್, ತಿಂಗಳಿಗೆ ನಾನೂರು ಚಿಲ್ಲರೆ, ಮೇಲಿನ ಮಾಡೆಲ್ ತಗೊಳ್ಳಿ’ ಎನ್ನುವ ಸಲಹೆಯೊಳಗೆ 36,741 ರೂಪಾಯಿಯ ತೆರಿಗೆ ಅಡಗಿದೆ. ಹತ್ತು ಲಕ್ಷ ಮೀರಿದ ಕಾರಿಗೆ ಶೇ 1ರಷ್ಟು ಆದಾಯ ತೆರಿಗೆಯನ್ನೂ ಮಾರುವವನೇ ವಸೂಲು ಮಾಡುತ್ತಾನೆ. ಅದನ್ನು ಮರಳಿ ಪಡೆಯಬಹುದು, ಆದರೆ ವಿವರ ಸಲ್ಲಿಸಿದರೆ ಮಾತ್ರ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲವೆಂದು ವಿವರ ಸಲ್ಲಿಸದೆ ಇರುವ ರೈತನಿಗೆ ಆ ಹತ್ತು ಸಾವಿರ ಹೋಯಿತೆಂದೇ ಲೆಕ್ಕ. ಇದು ಡೀಲರನ ಲಾಭವಲ್ಲ ನಿಜ. ಖಜಾನೆಯ ಲಾಭ. ಹಾಗಾಗಿಯೇ ಇರಬಹುದು, ಎಚ್ಚರಿಸುವ ಆಸಕ್ತಿ ಇಬ್ಬರಿಗೂ ಇಲ್ಲ.

ಸಾಲದ ವಿಷಯವನ್ನು ಒಂದೇ ಲೆಕ್ಕದಲ್ಲಿ ಮುಗಿಸುತ್ತೇನೆ. ಆರು ಲಕ್ಷಕ್ಕೆ ಐದು ವರ್ಷ, ‘ಶೇ 7 ಫ್ಲಾಟ್’ ಎಂದರೆ ತಿಂಗಳ ಕಂತು 13,500. ಅಸಲು ಇಳಿಯುತ್ತ ಹೋಗುವ ಲೆಕ್ಕದಲ್ಲಿ ಅದು ಸುಮಾರು ಶೇ 12.5ರ ಬಡ್ಡಿ. ಎಲ್ಲ ಖರ್ಚು ಸೇರಿದ ವಾರ್ಷಿಕ ದರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಅನ್ವಯಿಸುತ್ತದೆ. ಕೇಳಿ ಪಡೆಯಬೇಕು.

2022ರ ಜನವರಿಯಲ್ಲಿ ತುಮಕೂರಿನ ಮಹೀಂದ್ರ ಮಳಿಗೆಯೊಂದರಲ್ಲಿ ನಡೆದ ಘಟನೆ ಓದುಗರಿಗೆ ನೆನಪಿರಬಹುದು. ಸರಕು ವಾಹನ ಕೊಳ್ಳಲು ಬಂದ ರೈತರೊಬ್ಬರ ವೇಷ ನೋಡಿ, ಜೇಬಿನಲ್ಲಿ ಹತ್ತು ರೂಪಾಯಿಯೂ ಇರಲಾರದೆಂದು ಸಿಬ್ಬಂದಿಯೊಬ್ಬರು ಹೀಯಾಳಿಸಿದರೆಂಬುದು ಆರೋಪ. ಅವರು ಒಂದು ಗಂಟೆಯೊಳಗೆ ಹತ್ತು ಲಕ್ಷ ತಂದು, ಈಗಲೇ ಗಾಡಿ ಕೊಡಿ ಎಂದರು. ಆ ದಿನ ಕೊಡಲಾಗಲಿಲ್ಲ. ಕಂಪನಿ ವಿಷಾದ ವ್ಯಕ್ತಪಡಿಸಿತು, ಕೆಲ ದಿನಗಳಲ್ಲಿ ವಾಹನ ಅವರ ಮನೆ ಸೇರಿತು. ನಾಡೆಲ್ಲ ಆ ರೈತನನ್ನು ಮೆಚ್ಚಿತು, ನಾನೂ ಮೆಚ್ಚಿದೆ. ಆದರೆ ಚೌಕಾಸಿಯ ದೃಷ್ಟಿಯಿಂದ ನೋಡಿದರೆ ಮಾರುವವನು ತಿಳಿಯಲು ಹಂಬಲಿಸುವುದು ಎರಡೇ: ನಿಮ್ಮಲ್ಲಿ ಹಣವಿದೆಯೇ, ಇಂದೇ ಬೇಕೇ. ಅವಮಾನ ನಮ್ಮಿಂದ ಈ ಎರಡೂ ಉತ್ತರಗಳನ್ನು ಒಟ್ಟಿಗೆ ಹೊರಡಿಸಿಬಿಡುತ್ತದೆ. ವೇಷ ನೋಡಿ ಬೆಲೆ ಹೇಳುವುದು ನಮ್ಮ ಊರಿನ ರೋಗ ಮಾತ್ರವೂ ಅಲ್ಲ. ಅಮೆರಿಕದ ಷಿಕಾಗೊದಲ್ಲಿ ಇಯಾನ್ ಏರ್ಸ್ ಮತ್ತು ಪೀಟರ್ ಸೀಗಲ್‌ಮನ್ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಗೆಯಲ್ಲಿ ಚೌಕಾಸಿ ಮಾಡಲು ತರಬೇತಾದವರಿಗೇ ಡೀಲರ್‌ಗಳು ಬೇರೆ ಬೇರೆ ಬೆಲೆ ಹೇಳಿದ್ದರು. ಬಿಳಿಯ ಗಂಡಸರಿಗಿಂತ ಕಪ್ಪು ಜನರಿಗೂ ಹೆಂಗಸರಿಗೂ ಹೇಳಿದ ಬೆಲೆ ಹೆಚ್ಚು.

ಎದ್ದು ಬಂದವನಿಗೆ ಮುಂದಿನ ಮಳಿಗೆಯಲ್ಲಿ ನಿಜವಾದ ಪೈಪೋಟಿ ಇರಬೇಕು. ಇಲ್ಲವಾದರೆ ಅದೂ ಹೊಗೆಸೊಪ್ಪಿನ ಕಟ್ಟೆಯೇ. ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ರಿಯಾಯಿತಿ ಕೊಡದಂತೆ ತನ್ನ ಡೀಲರ್‌ಗಳನ್ನು ತಡೆದದ್ದಕ್ಕಾಗಿ ಸ್ಪರ್ಧಾ ಆಯೋಗ 2021ರ ಆಗಸ್ಟ್‌ನಲ್ಲಿ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತು. ಹೆಚ್ಚು ರಿಯಾಯಿತಿ ಕೊಡುವ ಡೀಲರ್‌ಗಳನ್ನು ಹಿಡಿಯಲು ಸುಳ್ಳು ಗ್ರಾಹಕರನ್ನು ಕಳಿಸಲಾಗುತ್ತಿತ್ತು ಎಂದು ಆ ಆದೇಶ ಹೇಳಿತ್ತು. ಕಂಪನಿ ಮೇಲ್ಮನವಿ ಹೋಗಿ ಅದೇ ನವೆಂಬರ್‌ನಲ್ಲಿ ತಡೆಯಾಜ್ಞೆ ಪಡೆಯಿತು. ‘ಕಂಪನಿ ಒಪ್ಪಲ್ಲ ಸಾರ್’ ಎಂಬ ಮಾತು ಎಲ್ಲ ಸಲವೂ ನೆಪವಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ. ಡೀಲರ್‌ಗಳ ಸಂಕಟವೂ ಇದೆ. 2025ರ ಬದಲಾವಣೆಯಲ್ಲಿ ಹಳೆಯ ದಾಸ್ತಾನಿನ ಮೇಲೆ ಅವರು ಕಟ್ಟಿದ್ದ ಸೆಸ್‌ನ ಜಮೆ ಖಾತೆಯಲ್ಲೇ ಸಿಕ್ಕಿಕೊಂಡಿತು. ಅದನ್ನು ಸರ್ಕಾರದಿಂದ ಕೇಳಲಿ. ಗ್ರಾಹಕನ ಬಿಲ್ಲಿನಲ್ಲಿ ‘ಇತರೆ’ ಎಂದು ಬರೆಯುವುದು ಬೇಡ.

ಸರ್ಕಾರ ಮಾಡಬಹುದಾದದ್ದು ದೊಡ್ಡದೇನಲ್ಲ. ಡೀಲರ್‌ಗಳ ವ್ಯಾಪಾರ ಪ್ರಮಾಣಪತ್ರ ಕೊಡುವುದು, ನವೀಕರಿಸುವುದು ಸಾರಿಗೆ ಇಲಾಖೆ. ಮುಂಗಡ ಪಡೆಯುವ ಮುನ್ನ ಒಂದು ಪುಟದ ಬೆಲೆಪಟ್ಟಿಯನ್ನು ಕನ್ನಡದಲ್ಲಿ, ಸಹಿ ಹಾಕಿ ಕೊಡಬೇಕೆಂದು ಅದು ಷರತ್ತು ಹಾಕಬಹುದು. ಸರ್ಕಾರಕ್ಕೆ ಸಲ್ಲುವ ಹಣ ಒಂದು ಭಾಗದಲ್ಲಿ, ಕಾರಿನ ಬೆಲೆ ಇನ್ನೊಂದರಲ್ಲಿ, ಗ್ರಾಹಕ ಬೇಡವೆನ್ನಬಹುದಾದದ್ದೆಲ್ಲ ಮೂರನೆಯದರಲ್ಲಿ; ಕೆಳಗೆ, ಮುಂಗಡ ಎಷ್ಟು ದಿನದೊಳಗೆ ವಾಪಸು ಎಂಬ ಸಾಲು. ತಂಬಾಕು ಮಂಡಳಿಯ ಕಟ್ಟೆಯಲ್ಲಿ ಬೇಲಿಗೊಂದು ಚೀಟಿ, ಚೀಟಿಯಲ್ಲಿ ದರ್ಜೆ, ತೂಕ, ದರ ಎಲ್ಲವೂ ನಮೂದಾಗುತ್ತವೆ. ನೂರು ಕಿಲೋ ಸೊಪ್ಪಿಗೆ ಇರುವ ಈ ಕ್ರಮವನ್ನು ಹತ್ತು ಲಕ್ಷದ ಕಾರಿಗೆ ತರಲು ಹೊಸ ಕಾಯ್ದೆಯೇ ಬೇಕೆಂದು ನನಗೆ ಅನ್ನಿಸುವುದಿಲ್ಲ. ಹುಣಸೂರಿನ ಪ್ರಾದೇಶಿಕ ಸಾರಿಗೆ ಕಚೇರಿಯ ವ್ಯಾಪ್ತಿಯಿಂದಲೇ ಇದನ್ನು ಆರಂಭಿಸಿ, ಮುಂದಿನ ಹರಾಜು ಋತುವಿನೊಳಗೆ ಜಾರಿಗೆ ತರಬಹುದು.