ಪಲಾಯನವಾದ ಯಾರದು?

ರಾಕ್ಷಸರು, ಕಾಲಯಾನ ಎಂದೊಡನೆ ‘ಇದು ಪಲಾಯನವಾದ, ಬರಿಯ ಕಾಲಹರಣ’ ಎಂದು ಮೂಗು ಮುರಿಯುವ ಹಿರಿಯರು ರ್‍ಯಾನ್ಸಮ್ ರಿಗ್ಸ್ ಬರೆದ ‘ಮಿಸ್ ಪೆರೆಗ್ರಿನ್ಸ್ ಹೋಮ್ ಫಾರ್ ಪೆಕ್ಯೂಲಿಯರ್ ಚಿಲ್ಡ್ರನ್’ (2011) ಎಂಬ ಕಿಶೋರ ಕಾದಂಬರಿಯನ್ನು ಒಮ್ಮೆ ಓದಲಿ. ಅನಂತರ ತೀರ್ಪು ನೀಡಲಿ.

ವೇಲ್ಸ್‌ನ ದ್ವೀಪವೊಂದರ ಅನಾಥಾಲಯದಲ್ಲಿ 1940ರ ಸೆಪ್ಟೆಂಬರ್ 3 ಎಂಬ ಒಂದೇ ದಿನ ಮತ್ತೆ ಮತ್ತೆ ಮರಳುತ್ತದೆ. ಜರ್ಮನ್ ಬಾಂಬು ಬೀಳುವ ಹೊತ್ತಿಗೆ ಕಾಲ ಹಿಂದಕ್ಕೆ ಸರಿಯುತ್ತದೆ. ಅಲ್ಲಿನ ಮಕ್ಕಳಿಗೆ ಮುಪ್ಪು ಬಾರದು. ಪಲಾಯನಕ್ಕೆ ಇದಕ್ಕಿಂತ ಸುಖದ ತಾಣವುಂಟೇ? ಆದರೆ ಪೋಲೆಂಡಿನಿಂದ ಪಾರಾಗಿ ಬಂದ ಯಹೂದಿ ಹುಡುಗ ಏಬ್ ಅಲ್ಲಿ ಉಳಿಯುವುದಿಲ್ಲ. ಆ ಸುರಕ್ಷಿತ ದಿನವನ್ನು ತೊರೆದು, ಮುಪ್ಪನ್ನೂ ಮರಣವನ್ನೂ ಒಪ್ಪಿಕೊಂಡು ಯುದ್ಧಕ್ಕೆ ಹೊರಡುತ್ತಾನೆ.

ಮುದಿತನದಲ್ಲಿ ಅದೇ ಏಬ್ ‘ರಾಕ್ಷಸರು ಬಂದರು’ ಎಂದು ಎಚ್ಚರಿಸಿದಾಗ ಮನೆಯವರು ‘ಅರಳು ಮರಳು’ ಎಂದು ತಳ್ಳಿಹಾಕುತ್ತಾರೆ. ಕಾಣಲೊಲ್ಲದೆ ಕಣ್ಣು ಮುಚ್ಚಿಕೊಂಡವರು ಅಲ್ಲಿಯೂ ವಿವೇಕಿಗಳೆನಿಸಿಕೊಂಡ ಹಿರಿಯರೇ; ಕಂಡವನು ಹದಿಹರೆಯದ ಮೊಮ್ಮಗ.

ಕೇಡನ್ನು ಗುರುತಿಸುವ, ಸುಖದ ನೆಲೆ ಬಿಟ್ಟು ಅದನ್ನು ಎದುರಿಸುವ ಈ ಪಾಠ ಪಲಾಯನವಾದವೇ? ಕಂಠಪಾಠ, ಪರೀಕ್ಷೆ, ಅಂಕ ಎಂಬ ಒಂದೇ ದಿನವನ್ನು ವರ್ಷವಿಡೀ ಮಕ್ಕಳ ಮೇಲೆ ಹೇರಿ, ಹೊರಜಗತ್ತಿಗೆ ಬಾಗಿಲು ಹಾಕುವ ನಾವಲ್ಲವೇ ನಿಜವಾದ ಪಲಾಯನವಾದಿಗಳು?